ಐಟಿಐ ಬಾಗಿಲಿಗೆ ಬರುವ ಮುಂಚಿನ ಹತ್ತು ವರ್ಷ: ಮುಖ್ಯಮಂತ್ರಿಗಳಿಗೆ ಒಂದು ಬಹಿರಂಗ ಪತ್ರ

ಕರ್ನಾಟಕದ ಮಾನ್ಯ ಮುಖ್ಯಮಂತ್ರಿಗಳಿಗೆ, ಹಾಗೂ ಶಾಲಾ ಶಿಕ್ಷಣ ಮತ್ತು ಕೌಶಲ್ಯಾಭಿವೃದ್ಧಿ ಖಾತೆಗಳ ಮಾನ್ಯ ಸಚಿವರಿಗೆ,

ನಮಸ್ಕಾರ.

ನಾನು ಕಲ್ಯಾಣ ಕರ್ನಾಟಕದ ಒಂದು ಸರ್ಕಾರಿ ಐಟಿಐಯಲ್ಲಿ ಫಿಟ್ಟರ್ ವಿಭಾಗದ ಕಿರಿಯ ತರಬೇತಿ ಅಧಿಕಾರಿಯಾಗಿದ್ದು ನಿವೃತ್ತನಾದವನು. ಎಸ್ಸೆಸ್ಸೆಲ್ಸಿ ಮುಗಿಸಿ ಬಂದ ಹುಡುಗರ ಕೈಗೆ ಫೈಲು, ಹ್ಯಾಕ್ಸಾ ಕೊಟ್ಟು, ಎರಡು ವರ್ಷದಲ್ಲಿ ಅವರನ್ನು ಕಾರ್ಖಾನೆಗೆ ಸಿದ್ಧಗೊಳಿಸುವುದು ನನ್ನ ಕೆಲಸವಾಗಿತ್ತು. ತಾವು ರಾಜ್ಯದ ಆರ್ಥಿಕತೆಯನ್ನು ಯಾವ ಎತ್ತರಕ್ಕೆ ಕೊಂಡೊಯ್ಯಬೇಕೆಂದು ಹೇಳಿದಾಗಲೆಲ್ಲ, ಅದಕ್ಕಾಗಿ ಕೌಶಲ ತರಬೇತಿ ಕೇಂದ್ರಗಳನ್ನು ಘೋಷಿಸಿದಾಗಲೆಲ್ಲ ನನಗೆ ಒಬ್ಬ ಹುಡುಗ ನೆನಪಾಗುತ್ತಾನೆ. ಅವನ ಕಾರಣದಿಂದಲೇ ಈ ಪತ್ರ.

ಅವನ ಹೆಸರು ಬೇಡ. ಯಾದಗಿರಿ ಸೀಮೆಯ ಹಳ್ಳಿಯವನು. ಅಂಥ ಕೈ ನನ್ನ ಸೇವೆಯಲ್ಲಿ ನಾಲ್ಕೈದು ಜನರಲ್ಲಿ ಕಂಡಿರಬಹುದು. ಮೊದಲ ಆರು ತಿಂಗಳು ನಮ್ಮಲ್ಲಿ ಬೆಂಚ್ ವೈಸಿನ ಮುಂದೆ ನಿಂತು ಕಬ್ಬಿಣದ ತುಂಡನ್ನು ಉಜ್ಜಿ ಸಮತಟ್ಟು ಮಾಡುವುದೇ ಪಾಠ. ಬಹಳ ಹುಡುಗರಿಗೆ ಮಧ್ಯೆ ಉಬ್ಬು ಬರುತ್ತದೆ, ಅಂಚು ಇಳಿಜಾರಾಗುತ್ತದೆ. ಇವನು ಉಜ್ಜಿದ ತುಂಡಿನ ಮೇಲೆ ಟ್ರೈ ಸ್ಕ್ವೇರ್ ಇಟ್ಟು ಬೆಳಕಿಗೆ ಹಿಡಿದರೆ ಕೂದಲೆಳೆಯಷ್ಟೂ ಸಂದು ಕಾಣುತ್ತಿರಲಿಲ್ಲ.

ಮಿಲಿಮೀಟರಿನ ಸಣ್ಣ ಭಾಗವನ್ನೂ ಅಳೆಯುವ ವರ್ನಿಯರ್ ಕ್ಯಾಲಿಪರ್ ಪಾಠ ಬಂದಾಗ ಅದೇ ಹುಡುಗ ಹಿಂದಿನ ಸಾಲಿಗೆ ಹೋಗಿ ನಿಂತ. ವರ್ನಿಯರ್‌ನಲ್ಲಿ 49 ಮಿಲಿಮೀಟರ್ ಉದ್ದವನ್ನು 50 ಸಮಭಾಗ ಮಾಡಿರುತ್ತಾರೆ. ಹಾಗಾಗಿ ಒಂದೊಂದು ಭಾಗವೂ ಮಿಲಿಮೀಟರಿಗಿಂತ 0.02ರಷ್ಟು ಕಡಿಮೆ. ಈ ಕಡಿಮೆಯನ್ನು ಎಣಿಸಿಯೇ ಅಳತೆ ಓದಬೇಕು. ನಾನು ಎರಡು ದಿನ ಹೇಳಿಕೊಟ್ಟ ಮೇಲೆ ಅವನು ನನ್ನ ಮೇಜಿನ ಹತ್ತಿರ ಬಂದು, “ಸರ್, ಯಾವ ಗೆರೆಗೆ ಎಷ್ಟು ಎಂದು ಬರೆದುಕೊಡಿ, ಎಲ್ಲವನ್ನೂ ಬಾಯಿಪಾಠ ಮಾಡುತ್ತೇನೆ” ಎಂದ. 0.4 ದೊಡ್ಡದೋ 0.04 ದೊಡ್ಡದೋ ಎಂದು ಕೇಳಿದೆ. ಎರಡೂ ಒಂದೇ, ನಾಲ್ಕು ಅಲ್ಲವೇ ಎಂದ. ಅವನ ಅಂಕಪಟ್ಟಿಯಲ್ಲಿ ಗಣಿತ ಉತ್ತೀರ್ಣ ಎಂದೇ ಇತ್ತು.

ಆಮೇಲೆ ಕೂರಿಸಿಕೊಂಡು ವಿಚಾರಿಸಿದೆ. ಅವನ ಅಪ್ಪ, ಅವ್ವ ಪ್ರತಿವರ್ಷ ದೀಪಾವಳಿ ಕಳೆದ ಮೇಲೆ ಬೆಂಗಳೂರಿಗೆ ಗುಳೆ ಹೋಗುತ್ತಿದ್ದರು, ಯುಗಾದಿಗೆ ತಿರುಗಿ ಬರುತ್ತಿದ್ದರು. ಮೂರನೇ ತರಗತಿಯಿಂದ ಐದನೇ ತರಗತಿಯವರೆಗೆ ವರ್ಷದ ಅರ್ಧವನ್ನು ಅವನು ಕಟ್ಟಡದ ಕೆಲಸ ನಡೆಯುವ ಕಡೆ ತಗಡಿನ ಶೆಡ್ಡಿನಲ್ಲಿ, ತಂಗಿಯನ್ನು ಆಡಿಸುತ್ತಾ ಕಳೆದಿದ್ದ. ಭಿನ್ನರಾಶಿ ಮತ್ತು ದಶಮಾಂಶ ಬರುವುದು ಆ ವರ್ಷಗಳ ಸುಮಾರಿಗೇ. ಊರಿಗೆ ಮರಳಿದಾಗ ಹೆಸರು ಹಾಜರಿಯಲ್ಲಿ ಇದ್ದೇ ಇತ್ತು, ಮುಂದಿನ ತರಗತಿಗೆ ದಾಟಿಸಿದರು. ಯಾರನ್ನು ದೂರಲಿ? ಆ ಶಾಲೆಯಲ್ಲಿ ಐದು ತರಗತಿಗೆ ಇಬ್ಬರು ಶಿಕ್ಷಕರಿದ್ದರಂತೆ.

ಎರಡನೇ ವರ್ಷ ಒಂದು ಕಾರ್ಖಾನೆಯವರು ಆಯ್ಕೆಗೆ ಬಂದರು. ಲಿಖಿತ ಪರೀಕ್ಷೆಯಲ್ಲಿ ಒಂದು ನಕ್ಷೆ ಕೊಟ್ಟಿದ್ದರು. ಅಳತೆ 25 ಮಿ.ಮೀ., ಹೆಚ್ಚುಕಡಿಮೆ 0.04ರವರೆಗೆ ಒಪ್ಪಬಹುದು, ತುಂಡು ಗರಿಷ್ಠ ಎಷ್ಟಿರಬಹುದು, ಕನಿಷ್ಠ ಎಷ್ಟಿರಬಹುದು ಎಂಬುದು ಪ್ರಶ್ನೆ. ಅವನು 25.4 ಮತ್ತು 24.6 ಎಂದು ಬರೆದಿದ್ದ. ಬರೆಯಬೇಕಾದದ್ದು 25.04 ಮತ್ತು 24.96. ಆ ಒಂದು ಸೊನ್ನೆಗೆ ಕೆಲಸ ಹೋಯಿತು. ಈಗ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ರಾತ್ರಿ ಕಾವಲು ಕಾಯುತ್ತಾನೆ. ಹಬ್ಬಕ್ಕೆ ಊರಿಗೆ ಬಂದರೆ ನನ್ನನ್ನು ಮಾತನಾಡಿಸದೆ ಹೋಗುವುದಿಲ್ಲ. ಪ್ರತಿ ಸಲವೂ ನನಗೆ ಅವನ ಕೈಗಳನ್ನು ನೋಡಿ ಸಂಕಟವಾಗುತ್ತದೆ.

ಮಾನ್ಯರೇ, ನಮ್ಮ ಐಟಿಐಗಳ ಸ್ಥಿತಿ ಮೊದಲಿನಂತಿಲ್ಲ, ಅದನ್ನು ಒಪ್ಪುತ್ತೇನೆ. 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ಮೇಲ್ದರ್ಜೆಗೇರಿಸಿದ ಮೇಲೆ, ಹಳೆಯ ಲೇತುಗಳ ಪಕ್ಕದಲ್ಲಿ ಕಂಪ್ಯೂಟರಿನ ಸೂಚನೆಯಂತೆ ಲೋಹ ಕೊರೆಯುವ ಸಿಎನ್‌ಸಿ ಯಂತ್ರಗಳು, ರೋಬಾಟ್ ತೋಳುಗಳು ಬಂದು ನಿಂತವು. ಅವುಗಳ ಮುಂದೆ ನಿಂತಾಗ ನಮ್ಮ ಹುಡುಗರ ಮುಖದಲ್ಲಿ ಮೂಡಿದ ಕಳೆಯನ್ನು ನಾನು ಮರೆಯಲಾರೆ. ಆದರೆ ಸಿಎನ್‌ಸಿ ಯಂತ್ರ ಕೇಳುವುದು ಏನನ್ನು? ಅಂಕಿಯನ್ನು. ಎಲ್ಲಿಂದ ಎಲ್ಲಿಗೆ, ಎಷ್ಟು ಆಳಕ್ಕೆ ಎಂಬುದನ್ನು ದಶಮಾಂಶದಲ್ಲಿ ಬರೆದು ಕೊಡಬೇಕು. ಹಳೆಯ ಲೇತಿನಲ್ಲಿ ಕೈಯ ಅಂದಾಜು ಸ್ವಲ್ಪ ಕಾಪಾಡುತ್ತಿತ್ತು. ಹೊಸ ಯಂತ್ರದಲ್ಲಿ 0.04 ಬರೆಯುವಲ್ಲಿ 0.4 ಬರೆದರೆ ಟೂಲ್ ಮುರಿಯುತ್ತದೆ, ಕೆಲವೊಮ್ಮೆ ಅದಕ್ಕಿಂತ ದೊಡ್ಡದೇ ಆಗುತ್ತದೆ. ಯಂತ್ರ ಹೊಸದಾದಷ್ಟೂ ಐದನೇ ತರಗತಿಯ ಗಣಿತದ ಬೆಲೆ ಏರುತ್ತಾ ಹೋಗುತ್ತದೆ. ನಾವು ಯಂತ್ರಕ್ಕೆ ಹಣ ಕೊಟ್ಟೆವು. ಗಣಿತಕ್ಕೆ ಎಷ್ಟು ಕೊಟ್ಟೆವು?

ಕೌಶಲದ ಬಗ್ಗೆ ಸಭೆ ನಡೆದರೆ ಅಲ್ಲಿ ಒಂದು ಅಂಕಿಯನ್ನು ಹೇಳಿಯೇ ಹೇಳುತ್ತಾರೆ. 2015ರ ರಾಷ್ಟ್ರೀಯ ಕೌಶಲ ನೀತಿಯಲ್ಲಿ ಅಚ್ಚಾದ ಅಂಕಿ ಅದು: ಭಾರತದ ದುಡಿಯುವ ಜನರಲ್ಲಿ ಔಪಚಾರಿಕ ಕೌಶಲ ತರಬೇತಿ ಪಡೆದವರು ಶೇ 4.69, ಜರ್ಮನಿಯಲ್ಲಿ ಶೇ 75, ದಕ್ಷಿಣ ಕೊರಿಯಾದಲ್ಲಿ ಶೇ 96. ಇದನ್ನು ಕೇಳಿದವರು ಕೂಡಲೇ ಹೊರಡುವುದು ಪ್ರಮಾಣಪತ್ರ ಹಂಚಲು. ಮೂರು ತಿಂಗಳ ಕೋರ್ಸು, ಒಂದು ಕಿಟ್ಟು, ಒಂದು ಫೋಟೊ. ಕೊರಿಯಾ ಅಲ್ಲಿಗೆ ಮುಟ್ಟಿದ ದಾರಿಯೇ ಬೇರೆ. ಜಪಾನಿನ ಆಳ್ವಿಕೆ ಮುಗಿದ 1945ರಲ್ಲಿ ಆ ದೇಶದ ಬಹುಪಾಲು ವಯಸ್ಕರಿಗೆ ಓದು ಬರುತ್ತಿರಲಿಲ್ಲ. ನಂತರ ಯುದ್ಧ ನಡೆದು ಊರುಗಳು ನೆಲಸಮವಾದವು. ಅಂಥ ಸ್ಥಿತಿಯಲ್ಲೂ ಅವರು ಮೊದಲು ಹಿಡಿದದ್ದು ಪ್ರಾಥಮಿಕ ಶಾಲೆಯನ್ನು. 1960ರ ಸುಮಾರಿಗೆ ಹೆಚ್ಚುಕಡಿಮೆ ಎಲ್ಲ ಮಕ್ಕಳೂ ಶಾಲೆಯಲ್ಲಿದ್ದರು. ಪೋಹಾಂಗ್‌ನ ಉಕ್ಕಿನ ಕಂಪನಿ ಹುಟ್ಟಿದ್ದು ಅದಾದ ಮೇಲೆ, 1968ರಲ್ಲಿ. ಮಾಧ್ಯಮಿಕ ಶಾಲೆಯ ಪ್ರವೇಶ ಪರೀಕ್ಷೆಯನ್ನು 1969ರಿಂದ ತೆಗೆದುಹಾಕುತ್ತಾ ಬಂದು ಎಲ್ಲರಿಗೂ ಬಾಗಿಲು ತೆರೆದರು. ತಾಂತ್ರಿಕ ಪ್ರೌಢಶಾಲೆಗಳನ್ನು ದೊಡ್ಡದಾಗಿ ಬೆಳೆಸಿದ್ದು ಆಮೇಲಿನ ದಶಕದಲ್ಲಿ. ಜರ್ಮನಿಯಲ್ಲೂ ಅಷ್ಟೇ. ವಾರದಲ್ಲಿ ಮೂರು ನಾಲ್ಕು ದಿನ ಕಾರ್ಖಾನೆಯಲ್ಲಿ, ಉಳಿದ ದಿನ ವೃತ್ತಿಶಾಲೆಯಲ್ಲಿ ಕಲಿಯುವ ಹುಡುಗನಿಗೆ ಅದಕ್ಕೂ ಮೊದಲು ಒಂಬತ್ತೋ ಹತ್ತೋ ವರ್ಷದ ಗಟ್ಟಿ ಶಾಲೆ ಆಗಿರುತ್ತದೆ. ಎರಿಕ್ ಹನುಷೆಕ್ ಮತ್ತು ಲುಡ್ಗರ್ ವೋಸ್‌ಮನ್ ಎಂಬ ಅರ್ಥಶಾಸ್ತ್ರಜ್ಞರು ಹಲವು ದೇಶಗಳ ದಶಕಗಳ ಲೆಕ್ಕವನ್ನು ಹೋಲಿಸಿ ತೋರಿಸಿದ್ದೂ ಇದನ್ನೇ: ದೇಶದ ದೀರ್ಘಕಾಲದ ಬೆಳವಣಿಗೆಗೆ ಹೊಂದುವುದು ಮಕ್ಕಳು ಶಾಲೆಯಲ್ಲಿ ಕಳೆದ ವರ್ಷಗಳ ಸಂಖ್ಯೆಗಿಂತ ಹೆಚ್ಚಾಗಿ ಅವರು ನಿಜಕ್ಕೂ ಕಲಿತದ್ದು.

ಕೊರಿಯಾ, ಜರ್ಮನಿ ದೂರದ ಮಾತು ಎನಿಸಿದರೆ ನಮ್ಮ ರಾಜ್ಯವನ್ನೇ ನೋಡಬಹುದು. 1956ರಲ್ಲಿ ಒಂದಾಗುವ ಮೊದಲು ಕನ್ನಡದ ಸೀಮೆಗಳು ಬೇರೆ ಬೇರೆ ಆಡಳಿತಗಳಲ್ಲಿದ್ದವು. ಒಂದೊಂದು ಆಡಳಿತವೂ ಶಾಲೆಯ ವಿಷಯದಲ್ಲಿ ಏನು ಮಾಡಿತು, ಏನು ಮಾಡಲಿಲ್ಲ ಎಂಬುದರ ಫಲವನ್ನು ನಾವು ಇಂದಿಗೂ ಉಣ್ಣುತ್ತಿದ್ದೇವೆ.

ಮೈಸೂರು ಸಂಸ್ಥಾನವು ಆಯ್ದ ಪ್ರದೇಶಗಳಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸುವ ಕಾನೂನು ತಂದದ್ದು 1913ರಲ್ಲಿ. ಆಗ ವಿಶ್ವೇಶ್ವರಯ್ಯನವರು ದಿವಾನರು. ಅದೇ ಕಾಲದಲ್ಲಿ ಮೈಸೂರಿನಲ್ಲಿ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆ, ಹೆಬ್ಬಾಳದಲ್ಲಿ ಕೃಷಿ ಶಾಲೆ ತೆರೆದವು. 1916ರಲ್ಲಿ ವಿಶ್ವವಿದ್ಯಾಲಯ, 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು. ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಸಂಸ್ಥಾನ 371 ಎಕರೆ ಜಾಗ ಕೊಟ್ಟದ್ದು ಅದಕ್ಕೂ ಮೊದಲು. ಎಂಜಿನಿಯರುಗಳ ಜೊತೆಗೆ ಕೈಕೆಲಸ ಬಲ್ಲ ತಂತ್ರಜ್ಞರೂ ಬೇಕು ಎಂದು 1943ರಲ್ಲಿ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಬಂತು, ಇಂದಿನ ಎಸ್‌ಜೆ ಪಾಲಿಟೆಕ್ನಿಕ್. ಎಚ್‌ಎಎಲ್ 1940ರಲ್ಲಿ, ದೂರವಾಣಿ ಕಾರ್ಖಾನೆ 1948ರಲ್ಲಿ, ಎಚ್‌ಎಂಟಿ 1953ರಲ್ಲಿ, ಬಿಇಎಲ್ 1954ರಲ್ಲಿ ಬೆಂಗಳೂರಿನಲ್ಲಿ ನೆಲೆಯಾದವು. ಆ ಕಾರ್ಖಾನೆಗಳಲ್ಲಿ ಕೈ ಪಳಗಿಸಿಕೊಂಡವರು ಮುಂದೆ ಪೀಣ್ಯ, ರಾಜಾಜಿನಗರಗಳಲ್ಲಿ ಸಣ್ಣ ಘಟಕಗಳನ್ನು ತೆರೆದರು. 1985ರಲ್ಲಿ ಅಮೆರಿಕದ ಚಿಪ್ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಾಗ ಇಲ್ಲಿ ಎಪ್ಪತ್ತು ವರ್ಷದ ಶಾಲೆ, ಕಾಲೇಜು, ಕಾರ್ಖಾನೆಗಳ ಬೆಳೆ ಕೊಯ್ಲಿಗೆ ಬಂದಿತ್ತು. ಹವೆ ತಂಪಾಗಿದ್ದುದರಿಂದ ಐಟಿ ಬಂತು ಎನ್ನುವವರು ಈ ಎಪ್ಪತ್ತು ವರ್ಷವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಕರಾವಳಿಯ ಕಥೆ ನನಗೆ ಇನ್ನೂ ಹೆಚ್ಚು ಇಷ್ಟ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಅವರು ಶಾಲೆಯ ಜೊತೆಗೇ ಕಸುಬನ್ನೂ ತಂದರು: 1841ರಲ್ಲಿ ಮುದ್ರಣಾಲಯ, ನಂತರ ನೇಯ್ಗೆ, 1865ರಲ್ಲಿ ಹಂಚಿನ ಕಾರ್ಖಾನೆ. ಓದು ಬೇರೆ, ಕೈಕೆಲಸ ಬೇರೆ ಎಂಬ ಗೋಡೆ ಅಲ್ಲಿ ಏಳಲಿಲ್ಲ. ಆಮೇಲೆ ಊರಿನವರೇ ಮುಂದಾದರು. ಅಮ್ಮೆಂಬಳ ಸುಬ್ಬರಾವ್ ಪೈಯವರು 1891ರಲ್ಲಿ ಕೆನರಾ ಹೈಸ್ಕೂಲು, 1894ರಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದರು. ಇಂದು ಕೆನರಾ ಬ್ಯಾಂಕ್ ಎನಿಸಿಕೊಂಡಿರುವ ಸಂಸ್ಥೆಯನ್ನು ಅವರು ಆರಂಭಿಸಿದ್ದು 1906ರಲ್ಲಿ. ಒಬ್ಬನೇ ಮನುಷ್ಯ, ಮೊದಲು ಶಾಲೆ, ಹದಿನೈದು ವರ್ಷದ ನಂತರ ಬ್ಯಾಂಕು. ಲೆಕ್ಕ ಬಲ್ಲ ಹುಡುಗರಿಲ್ಲದೆ ಬ್ಯಾಂಕು ನಡೆಸುವುದು ಹೇಗೆ? ಒಂದು ಜಿಲ್ಲೆಯಿಂದ ದೇಶಕ್ಕೆ ಅಷ್ಟು ಬ್ಯಾಂಕುಗಳು ಹೋದದ್ದಕ್ಕೆ ನಾನು ಕಂಡುಕೊಂಡ ವಿವರಣೆ ಇದು.

ನಮ್ಮ ಬೀದರ್, ಕಲಬುರಗಿ, ರಾಯಚೂರು ನಿಜಾಮರ ಆಳ್ವಿಕೆಯಲ್ಲಿದ್ದವು. ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ 1918ರಲ್ಲಿ ಉರ್ದು ಮಾಧ್ಯಮದಲ್ಲಿ ಆರಂಭವಾಯಿತು. ದೇಶಭಾಷೆಯಲ್ಲಿ ಉನ್ನತ ಶಿಕ್ಷಣ ಕೊಟ್ಟ ಆ ಸಾಹಸವನ್ನು ಮೆಚ್ಚಲೇಬೇಕು. ಆದರೆ ಕನ್ನಡ ಮಾತನಾಡುವ ಹಳ್ಳಿಯ ಮಗುವಿಗೆ ಊರಲ್ಲಿ ಶಾಲೆಯೇ ವಿರಳ, ಇದ್ದರೂ ಮೇಲಿನ ತರಗತಿಗಳು ಅವನ ಭಾಷೆಯಲ್ಲಿಲ್ಲ. 1948ರ ಸೆಪ್ಟೆಂಬರ್ 17ರಂದು ಸ್ವಾತಂತ್ರ್ಯ ಬಂದಾಗ ಈ ಭಾಗ ಹೊರಟದ್ದೇ ಎರಡು ತಲೆಮಾರು ಹಿಂದಿನಿಂದ. ಆಮೇಲಿನ ಕಾಲದ ಹೊಣೆ ಮಾತ್ರ ನಿಜಾಮರದಲ್ಲ, ನಮ್ಮದು. 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದ ಸಾಕ್ಷರತೆ ಶೇ 88 ದಾಟಿತ್ತು, ಯಾದಗಿರಿಯದು ಶೇ 52ನ್ನೂ ಮುಟ್ಟಿರಲಿಲ್ಲ, ಅಲ್ಲಿನ ಹೆಣ್ಣುಮಕ್ಕಳದು ಶೇ 41ರ ಸುಮಾರು. 2025ರ ಎಸ್ಸೆಸ್ಸೆಲ್ಸಿಯಲ್ಲಿ ದಕ್ಷಿಣ ಕನ್ನಡ ಶೇ 91.12, ಕಲಬುರಗಿ ಶೇ 42.43. ಬೆಂಗಳೂರು ನಗರ ಜಿಲ್ಲೆಯ ತಲಾ ಆದಾಯವು ಕಲಬುರಗಿಯದರ ಹತ್ತಿರಹತ್ತಿರ ಐದು ಪಟ್ಟು. ಈ ಅಂಕಿಗಳನ್ನು ಬೇರೆ ಬೇರೆ ಇಲಾಖೆಗಳು ಬೇರೆ ಬೇರೆ ಕಡತಗಳಲ್ಲಿ ಇಟ್ಟುಕೊಂಡಿವೆ. ಒಂದೇ ಹಾಳೆಯ ಮೇಲೆ ಬರೆದು ನೋಡಬೇಕೆಂದು ತಮ್ಮಲ್ಲಿ ಕೇಳಿಕೊಳ್ಳುತ್ತೇನೆ.

ಈ ಅಂತರ ತಮಗೆ ಗೊತ್ತಿಲ್ಲವೆಂದು ನಾನು ಭಾವಿಸಿಲ್ಲ. 2002ರಲ್ಲಿ ನಂಜುಂಡಪ್ಪ ಸಮಿತಿ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತು. ನಮ್ಮ ಭಾಗಕ್ಕೆ ಶಿಕ್ಷಣ, ಉದ್ಯೋಗದಲ್ಲಿ ಮೀಸಲಾತಿ ಕೊಡುವ 371(ಜೆ) ವಿಧಿ ಸಂವಿಧಾನಕ್ಕೆ ಸೇರಿತು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಇತ್ತೀಚಿನ ವರ್ಷಗಳಲ್ಲಿ ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಿಸಲಾಗಿದೆ. 371(ಜೆ) ಹೋರಾಟದಲ್ಲಿ ನಾನೂ ಮೆರವಣಿಗೆಗೆ ಹೋದವನು, ಅದರಿಂದ ನಮ್ಮ ಮಕ್ಕಳು ಡಾಕ್ಟರು, ಎಂಜಿನಿಯರು ಆಗಿದ್ದಾರೆ. ಆದರೆ ವೈದ್ಯಕೀಯ ಸೀಟಿನ ಮೀಸಲಾತಿ ಪಿಯುಸಿ ದಾಟಿದವನಿಗೆ ಸಿಗುತ್ತದೆ. ಎಸ್ಸೆಸ್ಸೆಲ್ಸಿಯಲ್ಲೇ ನೂರಕ್ಕೆ ಐವತ್ತಕ್ಕಿಂತ ಹೆಚ್ಚು ಮಕ್ಕಳು ನಿಂತುಬಿಡುವ ಜಿಲ್ಲೆಯಲ್ಲಿ ಆ ವಿಧಿ ಎಷ್ಟು ಜನರ ಮನೆ ಬಾಗಿಲು ಮುಟ್ಟೀತು?

ಪರೀಕ್ಷೆಯ ಮಾತು ಬಂತು. 2024ರಲ್ಲಿ ಕ್ಯಾಮೆರಾ ಕಣ್ಗಾವಲಿನಲ್ಲಿ ಪರೀಕ್ಷೆ ನಡೆಸಿದಿರಿ, ನಕಲು ನಿಂತಿತು, ಫಲಿತಾಂಶ ಕುಸಿಯಿತು. ಅದೊಂದು ಸತ್ಯದ ಕ್ಷಣ, ನಾನು ಮನಸಾರೆ ಸ್ವಾಗತಿಸಿದ್ದೆ. ಆದರೆ ಕೂಡಲೇ ಕೃಪಾಂಕವನ್ನು ಶೇ 20ಕ್ಕೆ ಏರಿಸಿ ಫಲಿತಾಂಶವನ್ನು ಶೇ 73.40ಕ್ಕೆ ತಂದರು. ಈಗ ಉತ್ತೀರ್ಣದ ಗೆರೆ ಶೇ 35ರಿಂದ 33ಕ್ಕೆ ಇಳಿದಿದೆ. ಮಗುವಿನ ಮೇಲಿನ ಕರುಣೆಯಿಂದಲೇ ಹೀಗೆ ಮಾಡಿರಬಹುದು. ಅನುತ್ತೀರ್ಣ ಎಂಬ ಮೊಹರು ಹದಿನಾರರ ಮಗುವಿಗೆ ಏನು ಮಾಡುತ್ತದೆಂದು ನನಗೂ ಗೊತ್ತು. ಆದರೆ ಆ ಮಗು ಮಾರನೆಯ ತಿಂಗಳು ನನ್ನ ವರ್ಕ್‌ಶಾಪಿಗೆ ಬರುತ್ತದೆ, ವರ್ನಿಯರ್‌ನ 0.02 ಯಾರ ಆದೇಶದಿಂದಲೂ 0.2 ಆಗುವುದಿಲ್ಲ.

ಇನ್ನೊಂದು ಮಾತನ್ನು ತಾವು ಹಣಕಾಸು ಅಧಿಕಾರಿಗಳ ಜೊತೆ ಕೂತು ಯೋಚಿಸಬೇಕು. ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು. ಎರಡಕ್ಕಿಂತ ಕಡಿಮೆ. ಅಂದರೆ ದುಡಿಯುವ ಕೈಗಳ ಸಂಖ್ಯೆಯೇ ಮುಂದೆ ಕುಗ್ಗಲಿದೆ. ಇಪ್ಪತ್ತು ವರ್ಷದ ಮೇಲೆ ವಯಸ್ಸಾದವರ ಭಾರ ಹೊರುವವರು ಇಂದು ಅಂಗನವಾಡಿಯಲ್ಲೂ ಪ್ರಾಥಮಿಕ ಶಾಲೆಯಲ್ಲೂ ಇರುವ ಮಕ್ಕಳು, ಅವರಲ್ಲಿ ಗಣನೀಯ ಪಾಲು ನಮ್ಮ ಜಿಲ್ಲೆಗಳವರು. ಕಡಿಮೆ ಕೈಗಳು ಹೆಚ್ಚು ಸಂಪತ್ತು ದುಡಿಯಬೇಕಾದರೆ ಪ್ರತಿಯೊಂದು ಕೈಗೂ ಹೆಚ್ಚು ವಿದ್ಯೆ ಬೇಕು. ಯಾದಗಿರಿಯ ಮೂರನೇ ತರಗತಿಯನ್ನು ಕಡೆಗಣಿಸಿ ಬೆಂಗಳೂರೊಂದರ ಬಲದ ಮೇಲೆ ರಾಜ್ಯ ಬಹಳ ದೂರ ಹೋಗಲಾರದು.

ಹಾಗಾದರೆ ಏನು ಮಾಡಬೇಕೆಂದು ತಾವು ಕೇಳಿದರೆ, ನನ್ನ ಅನುಭವ ಇಷ್ಟು ಹೇಳುತ್ತದೆ.

ಎಲ್ಲಕ್ಕಿಂತ ಮೊದಲು ಶಿಕ್ಷಕರು. ಕಟ್ಟಡಕ್ಕೆ ಹಣ ಬೇಗ ಖರ್ಚಾಗುತ್ತದೆ, ಉದ್ಘಾಟನೆಗೆ ಫಲಕವೂ ಸಿಗುತ್ತದೆ. ನಮ್ಮ ಭಾಗದ ಶಾಲೆಗಳ ಖಾಲಿ ಹುದ್ದೆಗಳನ್ನು ಕಾಯಂ ಶಿಕ್ಷಕರಿಂದ ತುಂಬಿ. ಅಲ್ಲಿಯವರೆಗೆ ಅತಿಥಿ ಶಿಕ್ಷಕರನ್ನಾದರೂ ಶಾಲೆ ತೆರೆಯುವ ದಿನವೇ ನೇಮಿಸಿ, ಪ್ರತಿ ತಿಂಗಳೂ ತಪ್ಪದೆ ಸಂಬಳ ಕೊಡಿ. ಶಾಲೆ ತೆರೆದು ಎಷ್ಟೋ ವಾರಗಳ ಮೇಲೆ ಶಿಕ್ಷಕರು ಬರುವುದನ್ನು, ಅಷ್ಟರಲ್ಲಿ ಮಕ್ಕಳು ಹತ್ತಿ, ಮೆಣಸಿನಕಾಯಿ ಬಿಡಿಸಲು ಹೊಲಕ್ಕೆ ರೂಢಿಯಾಗುವುದನ್ನು ನಾನು ಕಂಡಿದ್ದೇನೆ. ಮೂರನೇ ತರಗತಿ ಮುಗಿಯುವ ಹೊತ್ತಿಗೆ ಪ್ರತಿ ಮಗುವಿಗೂ ಕನ್ನಡ ಓದು ಮತ್ತು ಸರಳ ಲೆಕ್ಕ ಬರಲೇಬೇಕೆಂಬ ಒಂದೇ ಗುರಿ ಇರಲಿ. ನಮಗೆ ಆ ಶಕ್ತಿ ಇದೆ. ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಂಥ ಕಾಡಂಚಿನ ತಾಲ್ಲೂಕಿನಲ್ಲಿ 1995ರಲ್ಲಿ ಸರ್ಕಾರಿ ಶಿಕ್ಷಕರೇ ಕಟ್ಟಿದ, ಚಟುವಟಿಕೆಗಳ ಮೂಲಕ ಕಲಿಸುವ ನಲಿ ಕಲಿ ಪದ್ಧತಿ ಇಡೀ ರಾಜ್ಯಕ್ಕೆ ಹಬ್ಬಿತು.

ಗುಳೆ ಹೋಗುವ ಹಳ್ಳಿಗಳ ಪಟ್ಟಿ ಪ್ರತಿ ತಾಲ್ಲೂಕು ಕಚೇರಿಗೂ ಗೊತ್ತು. ದೀಪಾವಳಿಗೆ ಮೊದಲೇ ಆ ಊರುಗಳಲ್ಲಿ ಆರು ತಿಂಗಳ ವಸತಿ ನಿಲಯ ತೆರೆದಿರಬೇಕು. ಊಟ, ರಾತ್ರಿ ನೋಡಿಕೊಳ್ಳುವ ಒಬ್ಬ ನಂಬಿಕಸ್ಥ ಹೆಣ್ಣುಮಗಳು, ಗಟ್ಟಿ ಬಾಗಿಲು ಇವಿಷ್ಟು ಇದ್ದರೆ ಮಗುವನ್ನು ಬಿಟ್ಟು ಹೋಗಲು ತಾಯಂದಿರು ಸಿದ್ಧರಿದ್ದಾರೆ. 2002ರಲ್ಲಿ ಅಕ್ಷರ ದಾಸೋಹವನ್ನು ಮೊದಲು ಆರಂಭಿಸಿದ್ದು ನಮ್ಮ ಈಶಾನ್ಯದ ಜಿಲ್ಲೆಗಳಲ್ಲೇ. ಆ ಬಿಸಿಯೂಟ ಎಷ್ಟು ಮಕ್ಕಳನ್ನು ಶಾಲೆಗೆ ಎಳೆದು ತಂದಿತೆಂದು ನನ್ನ ಊರಿನವರೆಲ್ಲ ಹೇಳುತ್ತಾರೆ.

ಹೆಣ್ಣುಮಕ್ಕಳ ವಿಷಯದಲ್ಲಿ ಹತ್ತನೇ ತರಗತಿಯ ನಂತರದ ಬಸ್ಸೇ ದೊಡ್ಡ ಪ್ರಶ್ನೆ. ನರಸಾಪುರ, ದೇವನಹಳ್ಳಿಗಳ ಮೊಬೈಲ್ ಜೋಡಿಸುವ ಕಾರ್ಖಾನೆಗಳು ಸಾವಿರಾರು ಯುವತಿಯರನ್ನು ಕೆಲಸಕ್ಕೆ ತೆಗೆದುಕೊಂಡಿವೆ. ಸುರಪುರದ, ದೇವದುರ್ಗದ ಹುಡುಗಿ ಅಲ್ಲಿಗೆ ಹೋಗಬೇಕಾದರೆ ಮೊದಲು ತನ್ನ ಹೋಬಳಿಯ ಪಿಯು ಕಾಲೇಜಿಗೋ ಐಟಿಐಗೋ ಹೋಗಿ ಕತ್ತಲಾಗುವ ಮುಂಚೆ ಮನೆಗೆ ಮರಳುವಂತಿರಬೇಕು. ಟಿಕೆಟ್ ಉಚಿತ ಮಾಡಿದ್ದೀರಿ. ಸಂಜೆ ಐದಕ್ಕೆ ಆ ಊರಿಗೆ ಬಸ್ಸನ್ನೂ ಬಿಡಿ.

ಇನ್ನು ನನ್ನ ಐಟಿಐ. ಮೊದಲ ಮೂರು ತಿಂಗಳು ಪ್ರತಿದಿನ ಎರಡು ಗಂಟೆ ಗಣಿತ ಮತ್ತು ಓದಿಗೆ ಮೀಸಲಿಡಲು ಅನುಮತಿ ಕೊಡಿ, ಅದನ್ನು ಕಲಿಸುವವರನ್ನೂ ಕೊಡಿ. ಪಠ್ಯವನ್ನು ನಮ್ಮ ಹುಡುಗರಿಗೆ ಅರ್ಥವಾಗುವ ಕನ್ನಡದಲ್ಲಿ ಬರೆಸಿ. ಟಾಲರೆನ್ಸ್, ಲೀಸ್ಟ್ ಕೌಂಟ್ ಎಂಬ ಶಬ್ದಗಳು ಹಾಗೆಯೇ ಇರಲಿ, ವಿವರಣೆ ಕನ್ನಡದಲ್ಲಿರಲಿ. ಅಪ್ರೆಂಟಿಸ್ ಕಾಯ್ದೆ 1961ರಿಂದ ಇದೆ. ಮೂವತ್ತು ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಸಂಸ್ಥೆಗಳು ಸಿಬ್ಬಂದಿಯ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ನಮ್ಮ ಸಿಮೆಂಟ್ ಕಾರ್ಖಾನೆಗಳು, ವಿದ್ಯುತ್ ಸ್ಥಾವರಗಳು ಸ್ಥಳೀಯ ಐಟಿಐಗಳಿಂದ ಎಷ್ಟು ಜನರನ್ನು ತೆಗೆದುಕೊಂಡವು ಎಂಬುದನ್ನು ಜಿಲ್ಲಾವಾರು ಪ್ರಕಟಿಸಿ. ಹಾಗೆಯೇ ತರಬೇತಿ ಮುಗಿಸಿದ ಎರಡು ವರ್ಷದ ಮೇಲೆ ಆ ಹುಡುಗ, ಆ ಹುಡುಗಿ ಯಾವ ಕೆಲಸದಲ್ಲಿದ್ದಾರೆ, ಎಷ್ಟು ಸಂಬಳ ಎಂಬುದನ್ನೂ. ಹಂಚಿದ ಪ್ರಮಾಣಪತ್ರಗಳ ಸಂಖ್ಯೆ ನನಗೆ ಬೇಡ.

ನಿವೃತ್ತನಾದ ಮೇಲೆ ನನ್ನ ಮನೆಯ ಪಡಸಾಲೆಯಲ್ಲಿ ಭಾನುವಾರದ ಪಾಠ ನಡೆಸುತ್ತಿದ್ದೇನೆ. ಆರು, ಏಳನೇ ತರಗತಿಯ ಹದಿನಾಲ್ಕು ಮಕ್ಕಳು ಬರುತ್ತಾರೆ. ಬಡಿಗನ ಟೇಪು ಕೊಟ್ಟು ಕಿಟಕಿ, ಬಾಗಿಲು, ಕಟ್ಟೆ ಅಳೆಸುತ್ತೇನೆ. ಒಂದು ಸೆಂಟಿಮೀಟರಿನಲ್ಲಿ ಹತ್ತು ಮಿಲಿಮೀಟರ್ ಎಣಿಸಿದ ಮಗುವಿಗೆ ದಶಮಾಂಶ ಅರ್ಥವಾಗಲು ಮೂರು ವಾರ ಸಾಕಾಯಿತು. ಕಳೆದ ವರ್ಷ ದೀಪಾವಳಿಯ ನಂತರದ ಭಾನುವಾರ ಒಂಬತ್ತು ಮಕ್ಕಳಷ್ಟೇ ಬಂದರು. ಉಳಿದ ಐವರು ಬೆಂಗಳೂರು ಬಸ್ಸು ಹತ್ತಿದ್ದರು. ಈ ವರ್ಷದ ದೀಪಾವಳಿಗೆ ಮೊದಲು ನಮ್ಮ ಊರಿನಲ್ಲಿ ವಸತಿ ನಿಲಯ ತೆರೆಯಲು ಆದೇಶವಾದರೆ, ಸಂಜೆಯ ಗಣಿತ ಪಾಠವನ್ನು ನಾನೇ ಮಾಡುತ್ತೇನೆ, ಗೌರವಧನ ಬೇಡ. ಶಾಲೆಯ ಹಿಂದಿನ ಎರಡು ಕೋಣೆಗಳು ಖಾಲಿ ಇವೆ. ಒಂದಕ್ಕೆ ಬಾಗಿಲು ಹಾಕಿಸಬೇಕಾಗುತ್ತದೆ.

ತಮ್ಮ ವಿಶ್ವಾಸಿ,

ನಿವೃತ್ತ ಕಿರಿಯ ತರಬೇತಿ ಅಧಿಕಾರಿ, ಫಿಟ್ಟರ್ ವಿಭಾಗ
ಕಲ್ಯಾಣ ಕರ್ನಾಟಕ